ಫೋರ್ಕ್‌ಲಿಫ್ಟ್ ಓಡಿಸಲು ಕಾರ್ ಲೈಸೆನ್ಸ್ ಸಾಕಾ?

ಪ್ರಶ್ನೆ: ನಾನು ಕಲಬುರಗಿಯವನು, ಈಗ ಪುಣೆ ಹತ್ತಿರ ಚಾಕಣ್‌ನ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಸೂಪರ್‌ವೈಸರ್ ನಾಳೆಯಿಂದ ಫೋರ್ಕ್‌ಲಿಫ್ಟ್ ಓಡಿಸು ಎನ್ನುತ್ತಿದ್ದಾರೆ. ಕಾರ್ ಲೈಸೆನ್ಸ್ ಇದೆ. ಮೆಡಿಕಲ್ ಟೆಸ್ಟ್ ಕೂಡ ಬೇಕಾ?

ಭೋಸರಿಯಿಂದ ಉತ್ತರ: ಕಾರ್ ಲೈಸೆನ್ಸ್ ಸಾಲದು ತಮ್ಮಾ, ತರಬೇತಿ ಇಲ್ಲದೆ ಹತ್ತಬೇಡ. ಇದು ಹಿಂದಿನ ಚಕ್ರದಿಂದ ತಿರುಗುವ ಗಾಡಿ, ತಿರುವಿನಲ್ಲಿ ಹಿಂಭಾಗ ಜೋರಾಗಿ ಬೀಸುತ್ತದೆ, ಪಕ್ಕದಲ್ಲಿ ನಿಂತವರಿಗೆ ಅದೇ ದೊಡ್ಡ ಅಪಾಯ. ಗಾಡಿಯ ಪ್ಲೇಟ್ ಮೇಲೆ 2 ಟನ್ ಎಂದಿದ್ದರೂ ಅದು ಅಲ್ಲೇ ಬರೆದ ಲೋಡ್ ಸೆಂಟರ್‌ಗೆ (ಫೋರ್ಕ್‌ನ ಬುಡದಿಂದ ಮಾಲಿನ ತೂಕದ ಕೇಂದ್ರಕ್ಕೆ ಇರುವ ದೂರ) ಮಾತ್ರ, ಹೆಚ್ಚಾಗಿ 500 ಮಿಲಿಮೀಟರ್. ಪೆಟ್ಟಿಗೆಯ ತೂಕದ ಕೇಂದ್ರ ಅದಕ್ಕಿಂತ ಮುಂದಕ್ಕೆ ಹೋದರೆ ಅಷ್ಟು ತೂಕ ಎತ್ತಲೇಬಾರದು. ಇಳಿಜಾರಿನಲ್ಲಿ ಮಾಲು ಯಾವಾಗಲೂ ಏರಿನ ಕಡೆಗಿರಲಿ, ಅಂದರೆ ಇಳಿಯುವಾಗ ರಿವರ್ಸ್. ಗಾಡಿ ಮಗುಚಿದರೆ ಹೊರಗೆ ಹಾರಬೇಡ, ಬೆಲ್ಟ್ ಬಿಚ್ಚದೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ಬೀಳುವ ಕಡೆಗೆ ವಿರುದ್ಧವಾಗಿ ವಾಲು.

ಪಿಂಪ್ರಿಯಿಂದ ಉತ್ತರ: ಮೆಡಿಕಲ್ ಖಂಡಿತ ಮಾಡಿಸಿ. ಕಣ್ಣು, ಕಿವಿ ಸರಿ ಇರಬೇಕು, ಕತ್ತು ಎರಡೂ ಕಡೆ ಸಲೀಸಾಗಿ ತಿರುಗಬೇಕು. ಫಿಟ್ಸ್, ತಲೆಸುತ್ತು ಇದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಶೀತಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದಲೂ ನಿದ್ದೆ ಜಾಸ್ತಿ, ಆ ದಿನ ಗಾಡಿ ಮುಟ್ಟಲೇಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದ ಅಣ್ಣ. ಮೊದಲು ತರಬೇತಿ ಕೊಡಿಸಿ ಎಂದು ನಾಳೆಯೇ ಬರೆದು ಕೊಡುತ್ತೇನೆ.