ಪದಚರ್ಚೆ: ಬೇಕಂತಲೇ ದಂಡ ತೆತ್ತು ಗಡಿಯಾರ ಓಡಿಸುವುದಕ್ಕೆ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಮಾತಿಗಾಗಿ ಮೂರು ವಾರದಿಂದ ತಡಕಾಡುತ್ತಿದ್ದೇನೆ. ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರಿಗೆ ಇಲ್ಲಿ ಶನಿವಾರ, ಭಾನುವಾರ ಬಂತೆಂದರೆ ಪಜೀತಿ. ಮಕ್ಕಳು, ಅಳಿಯ, ಮೊಮ್ಮಕ್ಕಳು ಎಲ್ಲ ಟಿ.ವಿ. ಮುಂದೆ ಕೂತು ಕೂಗಾಡುತ್ತಿರುತ್ತಾರೆ, ಇವರಿಗೆ ತಲೆಬುಡ ತಿಳಿಯುವುದಿಲ್ಲ. ಅಂಥವರಿಗೆಂದು ಅಮೆರಿಕನ್ ಫುಟ್‌ಬಾಲ್ ಬಗ್ಗೆ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು ಎನ್ನುವುದೆಲ್ಲ ಸಲೀಸಾಗಿ ಬಂತು. ಗಜ ಎನ್ನುವ ಮಾತು ನಮ್ಮ ಬಟ್ಟೆ ಅಂಗಡಿಯಿಂದ ನೇರವಾಗಿ ಎದ್ದು ಬಂದು ಮೈದಾನದಲ್ಲಿ ಕೂತುಬಿಟ್ಟಿತು. ಸಿಕ್ಕಿಕೊಂಡದ್ದು ಒಂದೇ ಕಡೆ. ಆಟದ ಕೊನೆಗೆ, ಮುಂದಿರುವ ತಂಡ ಬೇಕಂತಲೇ ತಪ್ಪು ಮಾಡಿ, ಅದರ ದಂಡವನ್ನೂ ತೆತ್ತು, ಗಡಿಯಾರದಲ್ಲಿ ಉಳಿದಿದ್ದನ್ನು ತಿಂದುಹಾಕುವ ತಂತ್ರವೊಂದಿದೆ. ಇದಕ್ಕೊಂದು ಮಾತು ಬೇಕು.

‘ಪೆನಾಲ್ಟಿ’ ಎಂದೇ ಬರೆದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಫುಟ್‌ಬಾಲ್, ಪೆನಾಲ್ಟಿ ಎರಡೂ ಒಂದೇ ವಾಕ್ಯದಲ್ಲಿ ಬಂದರೆ ನಮ್ಮವರ ಕಣ್ಣ ಮುಂದೆ ಬರುವುದು 12 ಗಜ ದೂರದಲ್ಲಿಟ್ಟ ಚೆಂಡು, ಅತ್ತ ಒಬ್ಬನೇ ನಿಂತ ಗೋಲ್‌ಕೀಪರ್. ಇಲ್ಲಿನದು ಅದಲ್ಲ. ಅಂಪೈರು ಹಳದಿ ಬಟ್ಟೆ ಎಸೆಯುತ್ತಾನೆ, ತಪ್ಪು ಮಾಡಿದ ತಂಡ ಐದೋ ಹತ್ತೋ ಹದಿನೈದೋ ಗಜ ನೆಲ ಬಿಟ್ಟುಕೊಡುತ್ತದೆ. ಹಾಗಾಗಿ ‘ದಂಡ’ ಎಂದಿಟ್ಟುಕೊಂಡಿದ್ದೇನೆ: 5 ಗಜ ದಂಡ, 15 ಗಜ ದಂಡ. ‘ಜುಲ್ಮಾನೆ’ಯೂ ಆಗುತ್ತಿತ್ತು, ಆದರೆ ಅದರಲ್ಲಿ ನೋಟು, ರಸೀದಿಯ ವಾಸನೆ ಜಾಸ್ತಿ. ದಂಡ ಎಂದರೆ ವ್ಯರ್ಥ ಎಂಬ ಇನ್ನೊಂದು ಅರ್ಥವೂ ನಮ್ಮ ಮಾತಿನಲ್ಲಿದೆಯಲ್ಲ, ‘ಹೋಗಿದ್ದೆಲ್ಲ ದಂಡ’ ಅನ್ನುತ್ತೇವೆ. ಈ ತಂತ್ರದಲ್ಲಿ ಮಾತ್ರ ತೆತ್ತ ದಂಡ ದಂಡವಾಗುವುದಿಲ್ಲ.

ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯ ಸೋಫಾದ ಮೇಲೆ. 2024ರ ಅಕ್ಟೋಬರ್ 12, ಶನಿವಾರ. ನಮ್ಮೂರಿನ ಕಾಲೇಜು ತಂಡವಾದ ಒಹಾಯೊ ಸ್ಟೇಟ್ ಆರೆಗಾನ್‌ಗೆ ಹೋಗಿ ಆಡುತ್ತಿತ್ತು. ನಮ್ಮೂರಲ್ಲಿ ಆ ದಿನ ಬೀದಿಗಳೇ ಖಾಲಿ. ಅಪ್ಪ ಮಲಗುವ ಹೊತ್ತು ಮೀರಿದ್ದರೂ ಅಳಿಯನ ಮುಖ ನೋಡಿಕೊಂಡು ಕೂತಿದ್ದರು. ಆರೆಗಾನ್ 32, ಒಹಾಯೊ 31, ಉಳಿದಿದ್ದು ಹತ್ತು ಸೆಕೆಂಡು, ಚೆಂಡು ನಮ್ಮ ಕೈಯಲ್ಲಿ. ಇನ್ನೊಂದಿಷ್ಟು ಗಜ ಸಿಕ್ಕಿದ್ದರೆ ಒದ್ದು ಮೂರು ಅಂಕ ಪಡೆಯಬಹುದಿತ್ತು. ಆಗ ಆರೆಗಾನ್‌ನವರು ಹನ್ನೊಂದು ಜನ ನಿಲ್ಲಬೇಕಾದ ಜಾಗದಲ್ಲಿ ಹನ್ನೆರಡು ಜನರನ್ನು ನಿಲ್ಲಿಸಿದರು. ಹೆಚ್ಚಿನವನೊಬ್ಬ ಕಾವಲಿಗಿದ್ದಾಗ ಪಾಸ್ ಎಲ್ಲಿ ಕೂಡಿಬರುತ್ತದೆ? ಚೆಂಡು ನೆಲಕ್ಕೆ ಬಿತ್ತು, ಹಳದಿ ಬಟ್ಟೆಯೂ ಬಿತ್ತು, ಐದು ಗಜ ನಮಗೆ ಸಿಕ್ಕಿತು. ಆದರೆ ಗಡಿಯಾರ ಹತ್ತರಿಂದ ಆರಕ್ಕೆ ಇಳಿದಿತ್ತು. ಹೋದ ನಾಲ್ಕು ಸೆಕೆಂಡು ವಾಪಸ್ ಬರಲಿಲ್ಲ. ಕೊನೆಯ ಯತ್ನದಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಚೆಂಡು ಹಿಡಿದು ಓಡಿ ಜಾರಿ ಕೂರುವಷ್ಟರಲ್ಲಿ ಸೊನ್ನೆ.

ನನ್ನ ಗಂಡ ರಿಮೋಟ್ ಕುಕ್ಕಿ ಎದ್ದುಹೋದ. ಅಪ್ಪ ಕೇಳಿದರು, “ಏನಮ್ಮ ಆಯ್ತು? ತಪ್ಪು ಮಾಡಿದೋರು ಅವರು, ದಂಡ ಕಟ್ಟಿದೋರೂ ಅವರು, ಅಳಿಯಂದಿರು ಯಾಕೆ ಕೋಪ ಮಾಡ್ಕೊಂಡ್ರು?” ನಾನು ಕಾಗದದ ಮೇಲೆ 10 ಎಂದು ಬರೆದು, ಹೊಡೆದುಹಾಕಿ, 6 ಎಂದು ಬರೆದು ತೋರಿಸಿದೆ. ಅಪ್ಪ ಮೂವತ್ತೈದು ವರ್ಷ ತಿಪಟೂರಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದವರು. ಕಾಗದವನ್ನೇ ಸ್ವಲ್ಪ ಹೊತ್ತು ನೋಡಿ, “ಓ, ಇದು ಕಾಸ್ಟ್ ಕಟ್ಟಿ ವಾಯ್ದೆ ತಗೊಂಡಂಗೆ” ಅಂದರು.

ಕೋರ್ಟಿನ ಗಾಳಿ ತಾಗದವರಿಗೆ ಹೇಳುವುದಾದರೆ, ಕೇಸು ಎಳೆದಷ್ಟೂ ಲಾಭವಿರುವ ಕಡೆಯವರು ಆ ದಿನ ಸಾಕ್ಷಿ ಬಂದಿಲ್ಲ, ವಕೀಲರಿಗೆ ಜ್ವರ ಅನ್ನುತ್ತಾರೆ. ನ್ಯಾಯಾಧೀಶರು ಗದರಿ ಇನ್ನೂರೋ ಐನೂರೋ ಕಾಸ್ಟ್ ಹಾಕಿ ಮುಂದಿನ ವಾಯಿದೆ ಕೊಡುತ್ತಾರೆ. ಅವರು ನಗುತ್ತ ಕಟ್ಟಿಬರುತ್ತಾರೆ, ಒಂದು ತಿಂಗಳಿಗೆ ಐನೂರು ರೂಪಾಯಿ ಅಗ್ಗವೇ ತಾನೆ. ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂದು ಅಪ್ಪನನ್ನು ಕೇಳಿದರೆ ಬರೀ ಕೈ ತಿರುಗಿಸುತ್ತಾರೆ.

ಒಳಗಿನ ಲೆಕ್ಕಾಚಾರ ಸರಿಯಾಗಿ ಸಿಕ್ಕಿತು: ಇಲ್ಲಿ ದಂಡ ಶಿಕ್ಷೆಯಲ್ಲ, ಬೆಲೆ. ಆದರೆ ‘ವಾಯಿದೆ’ಯನ್ನು ಆಟಕ್ಕೆ ತಂದರೆ ದಿಕ್ಕು ತಪ್ಪುತ್ತದೆ. ವಾಯಿದೆಯಲ್ಲಿ ಸಮಯ ಬೆಳೆಯುತ್ತದೆ, ಆಟದಲ್ಲಿ ಸವೆಯುತ್ತದೆ. ಕೈಪಿಡಿಯಲ್ಲಿ ಹೋಲಿಕೆಯಾಗಿ ಇಟ್ಟುಕೊಳ್ಳುತ್ತೇನೆ, ಪದವಾಗಿ ಅಲ್ಲ.

ಪತ್ರಿಕೆಗಳಲ್ಲಿ ಸಿಗುವುದು ‘ಕಾಲಹರಣ’. ಬಿಡಿಸಿ ನೋಡಿದರೆ ಇದಕ್ಕಿಂತ ಒಪ್ಪುವ ಪದವಿಲ್ಲ. ಸೀತಾಪಹರಣದ ಹರಣವೇ ಇದು, ಕಾಲವನ್ನು ಕದ್ದೊಯ್ಯುವುದು. ಆದರೆ ಬಳಕೆಯಲ್ಲಿ ಆ ಕಳ್ಳ ಸತ್ತೇಹೋಗಿದ್ದಾನೆ. ಕಾಲಹರಣ ಎಂದರೆ ಈಗ ಕಚೇರಿಯಲ್ಲಿ ಟೀ ಕುಡಿಯುತ್ತ ಕೂರುವುದು. ‘ಕಾಲಕ್ಷೇಪ’ವಂತೂ ಹರಿಕಥೆಗೆ ಹೋಗಿಬಿಟ್ಟಿತು. ‘ಹೊತ್ತು ಕಳೆ’ಯಲ್ಲಿ ಕಳೆಯುವುದು ನಮ್ಮ ಹೊತ್ತನ್ನು, ಇಲ್ಲಿ ಹೋಗಬೇಕಾದ್ದು ಎದುರಾಳಿಯ ಹೊತ್ತು. ‘ಹೊತ್ತು ಕಳೆಯೋದು ಮುದುಕರ ಕೆಲಸ’ ಎಂದು ಅಪ್ಪನೇ ಅದನ್ನು ತಳ್ಳಿಹಾಕಿದರು.

ನಮ್ಮ ಆಟಗಳಲ್ಲಿ ಹುಡುಕಿದೆ. ಕಬಡ್ಡಿಯಲ್ಲಿ ಮುಂದಿರುವ ತಂಡದವನು ಹೋಗಿ, 30 ಸೆಕೆಂಡು ಸುತ್ತಾಡಿ, ಯಾರನ್ನೂ ಮುಟ್ಟದೆ ಬರುವುದಕ್ಕೆ ‘ಖಾಲಿ ರೈಡ್’ ಎಂಬ ಚೆಂದದ ಮಾತಿದೆ. ಹಾಗೆ ಎರಡಾದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ಆದರೆ ಖಾಲಿ ರೈಡಿನಲ್ಲಿ ತಪ್ಪೂ ಇಲ್ಲ, ದಂಡವೂ ಇಲ್ಲ. ಕ್ರಿಕೆಟ್ಟಿನ ‘ನಿಧಾನಗತಿಯ ಓವರ್: ನಾಯಕನಿಗೆ ದಂಡ’ ಎಂಬ ತಲೆಬರಹದಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ತಡವೇ ತಪ್ಪು, ಇಲ್ಲಿ ತಪ್ಪೇ ತಡಕ್ಕೆ ದಾರಿ.

ಇನ್ನು ‘ಮ್ಯಾನಿಪ್ಯುಲೇಟ್’. ಗಡಿಯಾರದ ಜೊತೆ ನಿಯಮದ ಭಾಷೆ ಬಳಸುವುದು ಇದನ್ನೇ. ‘ತಿರುಚು’ ಎಂದರೆ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಕೇಳುತ್ತದೆ. ‘ಕೈಚಳಕ’ ಪರವಾಗಿಲ್ಲ. ಆದರೆ ಇಲ್ಲಿ ಏನನ್ನೂ ಮುಚ್ಚಿಡುವುದಿಲ್ಲ, ಸಾವಿರಾರು ಜನರೆದುರು ರಾಜಾರೋಷವಾಗಿ ಮಾಡುತ್ತಾರೆ. ವೃತ್ತಿಪರ ತಂಡಗಳ ಲೀಗ್‌ನಲ್ಲಿ 2016ರ ನವೆಂಬರ್ 27ರಂದು ಬಾಲ್ಟಿಮೋರ್ ರೇವನ್ಸ್ ಸಿನ್ಸಿನಾಟಿ ಬೆಂಗಲ್ಸ್ ಮೇಲೆ 19-12ರಿಂದ ಮುಂದಿತ್ತು, ಉಳಿದಿದ್ದು 11 ಸೆಕೆಂಡು. ಚೆಂಡು ಒದೆಯಬೇಕಾದ ರೇವನ್ಸ್‌ನ ಸ್ಯಾಮ್ ಕುಕ್ ಒದೆಯದೆ ತನ್ನ ಗೋಲಿನ ಅಂಕಣದಲ್ಲೇ ಹಿಡಿದು ನಿಂತ. ಅವನ ಸಂಗಡಿಗರು ಒಬ್ಬೊಬ್ಬ ಎದುರಾಳಿಯನ್ನೂ ಅಂಗಿ ಹಿಡಿದು, ತೋಳಿಗೆ ತೋಳು ಹೊಸೆದು ನಿಲ್ಲಿಸಿದರು. ಎಲ್ಲವೂ ತಪ್ಪೇ. ಗಡಿಯಾರ ಸೊನ್ನೆಯಾದ ಮೇಲೆ ಕುಕ್ ಆರಾಮವಾಗಿ ಮೈದಾನದ ಗೆರೆ ದಾಟಿದ. ಸ್ವಂತ ಅಂಕಣದಲ್ಲಿ ಸಿಕ್ಕಿಬಿದ್ದರೂ ಅಲ್ಲಿಂದ ಮೈದಾನದಾಚೆ ಹೋದರೂ ಎದುರಾಳಿಗೆ ಎರಡು ಅಂಕ. ಅಲ್ಲಿ ಹಿಡಿದುಕೊಂಡ ತಪ್ಪಿಗೂ ಅದೇ ಎರಡು ಅಂಕ. ಹೇಗೂ ಕೊಡಲೆಂದೇ ಹೊರಟವರಿಗೆ ದಂಡದ ಭಯವೇನು? 19-14, ಆಟ ಮುಗಿಯಿತು. ಇದೇ ಕುಕ್ 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನ (ಲೀಗ್‌ನ ಫೈನಲ್) ಕೊನೆಯಲ್ಲೂ ಅಂಕಣದೊಳಗೆ ಓಡಾಡಿ ಎಂಟು ಸೆಕೆಂಡು ನುಂಗಿದ್ದ. ಅವನ ಹುದ್ದೆಯ ಹೆಸರು ಪಂಟರ್. ಬೆಂಗಳೂರಿನ ಹುಡುಗರು ಆ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತಾರೋ ಆ ಅರ್ಥದಲ್ಲೂ ಅವನು ಪಂಟರೇ.

2017ರಲ್ಲಿ ಇದಕ್ಕೆ ಬೀಗ ಬಿತ್ತು. ಗಡಿಯಾರಕ್ಕೆ ಕೈಹಾಕಲೆಂದೇ ಒಂದೇ ಬಾರಿಗೆ ಹಲವು ತಪ್ಪು ಮಾಡಿದರೆ 15 ಗಜ ದಂಡ, ಜೊತೆಗೆ ಗಡಿಯಾರ ಹಿಂದಕ್ಕೆ. ಆಮೇಲೆ ಇನ್ನೊಂದು ಕಿಂಡಿ ಸಿಕ್ಕಿತು. 2019ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡದ ಕೋಚ್ ಬಿಲ್ ಬೆಲಿಚಿಕ್ 33-0ರಿಂದ ಮುಂದಿದ್ದಾಗಲೂ ನ್ಯೂಯಾರ್ಕ್ ಜೆಟ್ಸ್ ತಂಡದ ವಿರುದ್ಧ ಬೇಕಂತಲೇ ತಡ ಮಾಡಿಸಿ, ಮತ್ತೆ ಚೆಂಡು ಆಟಕ್ಕೆ ಬರುವ ಮೊದಲೇ ಅಲುಗಾಡಿಸಿ, ತಪ್ಪಿನ ಮೇಲೆ ತಪ್ಪು ಮಾಡಿಸಿ ಗಡಿಯಾರ ಓಡಿಸಿದ, ಮುಗುಳ್ನಗೆಯೊಂದಿಗೆ. ಮೂರೇ ತಿಂಗಳಲ್ಲಿ, 2020ರ ಜನವರಿ 4ರಂದು, ಅವನ ಕೈಕೆಳಗೇ ಆಡಿ ಬೆಳೆದ ಮೈಕ್ ವ್ರೇಬಲ್ ಟೆನೆಸಿ ಟೈಟನ್ಸ್ ಕೋಚ್ ಆಗಿ ಬಂದು, 14-13ರ ಮುನ್ನಡೆಯಲ್ಲಿ ಅದೇ ಪಟ್ಟು ಹಾಕಿ ಸುಮಾರು ಎರಡು ನಿಮಿಷ ತಿಂದ. ಬೆಲಿಚಿಕ್ ಗೆರೆಯಾಚೆ ನಿಂತು ಬೈಯುತ್ತಿದ್ದುದು ಟಿ.ವಿ.ಯಲ್ಲಿ ಚೆನ್ನಾಗಿ ಕಾಣಿಸುತ್ತಿತ್ತು. ಗುರುವಿಗೇ ತಿರುಮಂತ್ರ! ಅದೇ ವರ್ಷ ಆ ಕಿಂಡಿಯನ್ನೂ ಮುಚ್ಚಿದರು. ನಮ್ಮ ಆರೆಗಾನ್ ಪ್ರಕರಣದಲ್ಲಂತೂ ನಾಲ್ಕೇ ದಿನಕ್ಕೆ ಕಾಲೇಜು ಆಟದ ನಿಯಮಕ್ಕೆ ಹೊಸ ವ್ಯಾಖ್ಯಾನ ಕೊಟ್ಟು, ಕೊನೆಯ ಎರಡು ನಿಮಿಷದಲ್ಲಿ ಹೆಚ್ಚಿನವನನ್ನು ಸೇರಿಸಿ ಆಡಿದರೆ ಎದುರಾಳಿ ಕೇಳಿದಲ್ಲಿ ಗಡಿಯಾರವನ್ನು ಮೊದಲಿನಲ್ಲಿಗೆ ತರಬಹುದು ಎಂದರು. ಇದನ್ನೆಲ್ಲ ಮೊದಲೇ ಅಭ್ಯಾಸ ಮಾಡಿದ್ದೆವು ಎಂಬರ್ಥದಲ್ಲಿ ಅವರ ಕೋಚ್ ಡ್ಯಾನ್ ಲ್ಯಾನಿಂಗ್ ಒಪ್ಪಿಕೊಂಡೂ ಬಿಟ್ಟಿದ್ದ.

ಹಾಗಾಗಿ ಪದದಲ್ಲಿ ಬೈಗುಳ ಇರಬೇಕೋ ಬೇಡವೋ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಗಂಡನಿಗೆ ‘ಕಳ್ಳಾಟ’ವೇ ಬೇಕು. ನನಗೆ ಅದು ಒಗ್ಗುವುದಿಲ್ಲ. ಮಾಡಿದ ದಿನ ನಿಯಮದಲ್ಲಿ ಅದಕ್ಕೆ ಇದ್ದ ದಂಡವನ್ನು ತೆತ್ತಿದ್ದಾರಲ್ಲ. ‘ಕಿಲಾಡಿತನ’ ಹೆಚ್ಚು ನ್ಯಾಯ. ಹಿಂದಿಯಲ್ಲಿ ಬರೀ ಆಟಗಾರ ಎಂಬ ಅರ್ಥದ ಮಾತು ಕನ್ನಡಕ್ಕೆ ಬಂದು ಚಾಲಾಕಿ ಆಯಿತು, ಇಲ್ಲಿ ಎರಡೂ ಅರ್ಥ ಒಟ್ಟಿಗೆ ಕೂರುತ್ತವೆ.

ನನ್ನ ಒಲವು ಇರುವುದು ‘ಹೊತ್ತು ಮುಳುಗಿಸು’ ಕಡೆಗೆ. ಹೊತ್ತು ಎಂದರೆ ಸೂರ್ಯನೂ ಹೌದು, ಸಮಯವೂ ಹೌದು. ಸೈಂಧವ ವಧೆಯ ದಿನ ಕೌರವರು ಮಾಡಿದ್ದೇನು? ಅರ್ಜುನನನ್ನು ಗೆಲ್ಲಬೇಕಾಗಿರಲಿಲ್ಲ, ಹೊತ್ತು ಮುಳುಗುವವರೆಗೆ ತಡೆದರೆ ಸಾಕಿತ್ತು. ಅದಕ್ಕೇ ಸಾಲು ಸಾಲು ಸೇನೆಯನ್ನು ದಂಡವಾಗಿ ತೆತ್ತರು. ಕೊನೆಗೆ ಕೃಷ್ಣನೇ ಹೊತ್ತು ಮುಳುಗಿದಂತೆ ಮಾಡಿ ತೋರಿಸಿದ. ಯಕ್ಷಗಾನ ನೋಡಿದ ಯಾವ ಅಜ್ಜಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಡಕೆಂದರೆ ‘ಮುಳುಗಿಸು’ ಚೀಟಿ ದುಡ್ಡಿನ ಪಕ್ಕ ಕೂತು ಕೆಟ್ಟಿದೆ. ಅದು ತೊಡಕೋ ಅನುಕೂಲವೋ, ನೀವೇ ಹೇಳಬೇಕು.

ಆಟದಲ್ಲಿ ಇದರ ಎದುರುರೂಪವೂ ಒಂದಿದೆ. ಹಿಂದಿರುವ ತಂಡ ಚೆಂಡು ತನ್ನ ಕೈಯಲ್ಲಿದ್ದಾಗ ಓಡುತ್ತಿರುವ ಗಡಿಯಾರ ನಿಲ್ಲಲೆಂದು ಕೊನೆಯ ನಿಮಿಷದಲ್ಲಿ ತಪ್ಪು ಮಾಡಿದರೆ ಹತ್ತು ಸೆಕೆಂಡು ಕಳೆದುಬಿಡುತ್ತಾರೆ. ಇದಕ್ಕೆ ‘ಹತ್ತು ಸೆಕೆಂಡು ಮುರಿದುಕೊಳ್ಳುತ್ತಾರೆ’ ಎಂದು ಬರೆದಿದ್ದೇನೆ, ಸಂಬಳದಲ್ಲಿ ಮುರಿದುಕೊಂಡ ಹಾಗೆ. ಉತ್ತರ ಕರ್ನಾಟಕದ ಕಡೆ ಇಲ್ಲಿ ‘ವಜಾ’ ಹೆಚ್ಚು ಸಹಜವೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಚಿಕ್ಕಂದಿನ ಆಟಗಳಲ್ಲಿ, ಕತ್ತಲಾಗಲಿ ಎಂದು ಬೇಕಂತಲೇ ಎಳೆದಾಡುವುದಕ್ಕೆ ಏನನ್ನುತ್ತಿದ್ದಿರಿ ಎಂದು ತಿಳಿಸಿದರೆ ಉಪಕಾರ. ಸದ್ಯಕ್ಕೆ ಆ ಜಾಗದಲ್ಲಿ, ಆ ರಾತ್ರಿ ಅಪ್ಪ ಏಳುವಾಗ ಅಂದ ಮಾತನ್ನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: “ಐದು ಗಜ ಕೊಟ್ಟು ನಾಲ್ಕು ಸೆಕೆಂಡು ಹೊಡ್ಕೊಂಡ್ರು ಕಣಮ್ಮ.”