ಅಪ್‌ಡೇಟ್: ಬಟ್ಟೆಯ ತಂತಿಗೆ ಗೂಡು ಕಟ್ಟಿದ್ದ ಸೂರಕ್ಕಿ

ಕೊಪ್ಪಳದ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಸೂರಕ್ಕಿಯೊಂದು ಗೂಡು ಕಟ್ಟುತ್ತಿದೆ, ಅದನ್ನು ನೆರಳಿಗೆ ಸರಿಸಬಹುದೇ ಎಂದು ಫೆಬ್ರವರಿಯಲ್ಲಿ ಕೇಳಿದ್ದೆ. ಜಾಗ ಬದಲಾದರೆ ಹಕ್ಕಿ ಗೂಡನ್ನೇ ಬಿಟ್ಟುಹೋದೀತು ಎಂದು ತಾವು ಎಚ್ಚರಿಸಿದ್ದರಿಂದ ಅದನ್ನು ಮುಟ್ಟದೆ, ಪಡುವಣ ಬಿಸಿಲಿಗೆ ಅಡ್ಡವಾಗಿ ತುಸು ದೂರದಲ್ಲಿ ಹಳೆಯ ಗೋಣಿಚೀಲವೊಂದನ್ನು ಕಟ್ಟಿದೆ. ನಮ್ಮ ಬಟ್ಟೆಗಳು ಮಾಳಿಗೆ ಸೇರಿದವು. ಒಣಹುಲ್ಲು, ತೊಗಟೆಯ ಚೂರುಗಳನ್ನು ಜೇಡರ ಬಲೆಯ ಎಳೆಗಳಿಂದ ಬಿಗಿದ ಆ ಜೋಲುಚೀಲದ ಪಕ್ಕದ ಬಾಗಿಲಿಗೆ ಪುಟ್ಟದೊಂದು ಸೂರೂ ಇತ್ತು. ಕಟ್ಟಿದ್ದೂ ಕಾವು ಕೊಟ್ಟದ್ದೂ ಹೆಣ್ಣೇ. ಗಂಡು ಮಾತ್ರ (ನಮ್ಮ ಮನೆಯಾಕೆ ನನ್ನತ್ತ ನೋಡಿ ನಕ್ಕಳು) ಹಾಡಿಕೊಂಡಿದ್ದು, ಮರಿಗಳಾದ ಮೇಲಷ್ಟೇ ಹುಳು ತರತೊಡಗಿತು. ಕಾವಿಗೆ ಸುಮಾರು 15 ದಿನ, ಪಾಲನೆಗೆ ಹೆಚ್ಚುಕಡಿಮೆ ಅಷ್ಟೇ ದಿನ ಹಿಡಿದು, ಎರಡು ಮರಿಗಳೂ ಮೊನ್ನೆ ಬೆಳಿಗ್ಗೆ ದಾಸವಾಳದ ಗಿಡಕ್ಕೆ ಹಾರಿದವು.