ನಿವೃತ್ತ ವಿದೇಶಾಂಗ ಅಧಿಕಾರಿಯನ್ನು ಕೇಳಿ: ಬಸವನಗುಡಿ ಓದುಗರ ಗುಂಪು

ಮಾಲೂರು ಹುಡುಗ: ಸಾರ್, ನಮ್ಮಮ್ಮ ಊರಲ್ಲಿ ಎರಡು ಹಸು ಸಾಕಿದ್ದಾರೆ, ದಿನಾ ಡೈರಿಗೆ ಹಾಲು ಹಾಕುತ್ತಾರೆ. 2019ರಲ್ಲಿ ಚೀನಾ, ನ್ಯೂಜಿಲೆಂಡ್ ಎಲ್ಲ ಸೇರಿದ 16 ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದ ಅಂತ ಡೈರಿ ಮುಂದೆ ಅದೇ ಮಾತು. ಕೊನೆಗೆ ನಾವು ಸಹಿ ಹಾಕಲಿಲ್ಲ. ರೈತರಿಗೆ ಹೆದರಿಯೋ, ಚೀನಾಕ್ಕೆ ಹೆದರಿಯೋ?

ಅಧಿಕಾರಿ: ಎರಡೂ ಇತ್ತು. 2018–19ರಲ್ಲಿ ಚೀನಾ ಜೊತೆಗಿನ ನಮ್ಮ ವ್ಯಾಪಾರ ಕೊರತೆಯೇ 5,000 ಕೋಟಿ ಡಾಲರ್ ದಾಟಿತ್ತು, ಸುಂಕ ಇಳಿಸಿದರೆ ಇನ್ನೂ ಏರುತ್ತೆ ಅನ್ನೋ ಭಯ. ಇತ್ತ ನ್ಯೂಜಿಲೆಂಡ್. ಅಲ್ಲಿ ಹಾಲು ಕರೆಯೋದೇ ಹೆಚ್ಚುಕಮ್ಮಿ ಹೊರಗೆ ಮಾರೋಕೆ. ಆ ಹಾಲಿನ ಪುಡಿ ಅಗ್ಗಕ್ಕೆ ಬಂದು ಬಿದ್ದರೆ ನಿಮ್ಮಮ್ಮನ ಕ್ಯಾನಿಗೆ ಲೀಟರಿಗೆ ಎಷ್ಟು ಸಿಕ್ಕೀತು? ಇದನ್ನೇ ಕಾಂಗ್ರೆಸ್ಸೂ ಕೇಳಿತು, ಬಿಜೆಪಿ ಸರ್ಕಾರದ ಕಡೆಯದೇ ಆದ, ಆರೆಸ್ಸೆಸ್ ಬಳಗದ ಸ್ವದೇಶಿ ಜಾಗರಣ ಮಂಚ್ ಕೂಡ ಕೇಳಿತು. ಎದುರಾಳಿಯೂ ತನ್ನವರೂ ಒಟ್ಟಿಗೆ ಹಿಡಿದುಕೊಂಡರೆ ಸರ್ಕಾರಕ್ಕೆ ಮಿಸುಕಾಡೋಕೆ ಜಾಗ ಎಲ್ಲಿ? ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಬೇಡ ಅಂದೆವು, ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ಇನ್ನೊಂದು ವಿಷಯ. ಮಾತುಕತೆಗೆ ಕೂತವರು ಮನೆಯ ಗಲಾಟೆಯನ್ನೇ ಬಂಡವಾಳ ಮಾಡಿಕೊಳ್ಳುವುದೂ ಉಂಟು: 'ನಾನು ಒಪ್ಪಿದರೂ ಊರಲ್ಲಿ ಬಿಡಲ್ಲ ಸ್ವಾಮಿ' ಅಂದರೆ ಎದುರಿನವರು ಒಂದು ಮೆಟ್ಟಿಲು ಇಳಿಯುತ್ತಾರೆ. ಈ ಒಪ್ಪಂದದಲ್ಲಿ ಎದುರಿನವರು ಇಳಿದದ್ದು ಸಾಲಲಿಲ್ಲ.

ವಿಜಯನಗರ: ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಲ್ವಾ?

ಅಧಿಕಾರಿ: ಬೇಡ. ಜಾರಿಗೆ ಕಾನೂನು ಬದಲಾಗಬೇಕಿದ್ದರೆ ಮಾತ್ರ.

ಐಟಿಪಿಎಲ್: ಸಾರ್, ತಮ್ಮನ ಎಚ್‌-1ಬಿ ವೀಸಾ ಬಗ್ಗೆ ಸ್ವಲ್ಪ ಹೇಳಿ.

ಗಿರಿನಗರ: 'ಭಾರತ ಈಗ ಯಾರ ಒತ್ತಡಕ್ಕೂ ಬಗ್ಗಲ್ಲ!! ನಿಜವಾದ ದೇಶಭಕ್ತರು 10 ಗ್ರೂಪಿಗೆ ಕಳಿಸಿ' 🙏

ಅಧಿಕಾರಿ: ಕಳಿಸಬೇಡಿ. 2019ರ ಮೇನಲ್ಲಿ ಇರಾನ್ ಎಣ್ಣೆ ಕೊಳ್ಳೋಕೆ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ಆ ಎಣ್ಣೆ ತರೋದು ನಿಲ್ಲಿಸಿದೆವು. 2022ರಲ್ಲಿ ಪಶ್ಚಿಮದವರು ಗೊಣಗಿದರೂ ರಷ್ಯಾ ಎಣ್ಣೆ ಜಾಸ್ತಿ ತಗೊಂಡೆವು, ಅಗ್ಗಕ್ಕೆ ಸಿಕ್ಕಿತು. ಒಮ್ಮೆ ಬಗ್ಗಿದೆವು, ಒಮ್ಮೆ ಇಲ್ಲ.

ಗಿರಿನಗರ: ಒಳ್ಳೇದನ್ನ ಹೇಳೋಕೆ ನಿಮಗೆ ಕಷ್ಟ.

ಹನುಮಂತನಗರ: ಸಂಸತ್ತಿನ ಒಪ್ಪಿಗೆಯೇ ಬೇಡ ಅಂದ್ರೆ, ಬಾಂಗ್ಲಾದೇಶದ ಜೊತೆಗಿನ ತೀಸ್ತಾ ನದಿ ನೀರಿನ ಒಪ್ಪಂದವನ್ನ ಒಬ್ಬ ಮುಖ್ಯಮಂತ್ರಿ ಹೇಗೆ ತಡೆದರು?

ಅಧಿಕಾರಿ: ಕಾಗದದ ಮೇಲೆ ಅವರಿಗೆ ಆ ಅಧಿಕಾರ ಇಲ್ಲ. ಆದರೆ ಯುಪಿಎ ಸರ್ಕಾರಕ್ಕೆ ಅವರ ಪಕ್ಷದ ಸಂಸದರು ಬೇಕಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಆಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ ಕೊನೇ ಗಳಿಗೆಯಲ್ಲಿ ಬರಲ್ಲ ಅಂದರು. ಸಹಿ ಆಗಲಿಲ್ಲ.

ಹನುಮಂತನಗರ: ನೋಡಿ, ಅವರು ನೀರು ಉಳಿಸಿಕೊಂಡರು! ನಮ್ಮವರು ಕಾವೇರಿ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಕೂತರು.

ವಿಜಯನಗರ: ಅದು ಎರಡು ರಾಜ್ಯದ ಜಗಳ ಕಣ್ರೀ, ಇದಕ್ಕೇನು ಸಂಬಂಧ?

ಹನುಮಂತನಗರ: ನಿಮ್ಮ ನಲ್ಲಿಯಲ್ಲಿ ನೀರು ಬರುತ್ತೆ, ಅದಕ್ಕೇ ಈ ಮಾತು.

ಗಿರಿನಗರ: ಸಂಸತ್ತು ಒಪ್ಪದೆ ಒಪ್ಪಂದ ಹೇಗೆ ಆಗುತ್ತೆ?

ಅಧಿಕಾರಿ: ಮೇಲೆ ಓದಿ. ಕಾವೇರಿಗೆ ಬೇರೆ ಗುಂಪು ಮಾಡಿಕೊಳ್ಳಿ.

ಮಾಲೂರು ಹುಡುಗ: ಅಮ್ಮನಿಗೆ ಓದಿ ಹೇಳಿದೆ ಸಾರ್. 'ನ್ಯೂಜಿಲೆಂಡ್ ಇರಲಿ, ಬೂಸಾ ರೇಟು ಯಾರ ಒತ್ತಡಕ್ಕೆ ಏರಿತು ಕೇಳು' ಅಂದರು.

ಐಟಿಪಿಎಲ್: ಸಾರ್, ವೀಸಾ?